ಬುದ್ಧಿ ಹಲ್ಲು ಮೂಡುವಾಗಿನ ತೊಂದರೆಗಳು ಮತ್ತು ಚಿಕಿತ್ಸೆ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ದವಡೆಯ ಕಟ್ಟಕಡೆಯಲ್ಲಿ, ಸಾಮಾನ್ಯವಾಗಿ 17ರಿಂದ 25 ವರ್ಷಗಳ ನಡುವಿನ ವಯಸ್ಸಿನಲ್ಲಿ ಮೂಡುವ ಹಲ್ಲನ್ನು ಬುದ್ಧಿ ಹಲ್ಲು ಎಂದು ಕರೆಯಲಾಗುತ್ತದೆ. ಅನೇಕರಲ್ಲಿ ಈ ಹಲ್ಲು ಯಾವ ತೊಂದರೆಯನ್ನೂ ಕೊಡದೆ ಮೂಡುತ್ತದೆ. ಕೆಲವರಲ್ಲಿ ವಸಡಿನ ಊತ, ನುಂಗಲು ಕಷ್ಟ, ಬಾಯಿ ತೆರೆಯಲಾಗದಿರುವುದು ಮುಂತಾದ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಈ ತೊಂದರೆಯು ಕೆಲವು ದಿನ ಇದ್ದು ತಾನಾಗಿಯೇ ಇಳಿಯುವುದರಿಂದ ಹೆಚ್ಚಿನವರು ನೋವಿನ ಮಾತ್ರೆ ನುಂಗಿ ವಿಷಯವನ್ನು ಮುಂದೂಡುತ್ತಾರೆ. ನೋವು ಇಳಿಯುವುದೂ ಕಾಯಿಲೆ ವಾಸಿಯಾಗುವುದೂ ಒಂದೇ ಅಲ್ಲ. ಎರಡು ಬಾರಿಯ ನೋವಿನ ನಡುವೆ ದೊರೆಯುವ ಬಿಡುವೇ ಪರೀಕ್ಷೆ ಮತ್ತು ಚಿಕಿತ್ಸೆಗೆ ಸೂಕ್ತವಾದ ಕಾಲವಾಗಿದೆ.

ಈ ಹಲ್ಲು ಮೂಡುವಾಗ ಯಾವ ಅನುಭವಗಳು ಸಹಜ, ಯಾವುವು ಅಪಾಯದ ಸೂಚನೆ, ಆಸ್ಪತ್ರೆಗೆ ಬರುವಾಗ ಏನನ್ನು ತರಬೇಕು ಮತ್ತು ಏನನ್ನು ಕೇಳಿ ತಿಳಿಯಬೇಕು ಎಂಬ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಪುಟದಲ್ಲಿ ನೀಡಲಾಗಿದೆ.

2. ಬುದ್ಧಿ ಹಲ್ಲು ಎಂದರೇನು?

ಮಕ್ಕಳಿಗೆ ಒಟ್ಟು 20 ಹಾಲು ಹಲ್ಲುಗಳಿರುತ್ತವೆ. ವಯಸ್ಕರಿಗೆ ಒಟ್ಟು 32 ಶಾಶ್ವತ ಹಲ್ಲುಗಳು. ಹೆಚ್ಚುವರಿ ಬರುವ 12 ಹಲ್ಲುಗಳು ದವಡೆ ಹಲ್ಲುಗಳು. ಪ್ರತಿ ಬದಿಯಲ್ಲಿ, ಮೇಲೆ ಮತ್ತು ಕೆಳಗೆ, ಮೂರು ಮೂರರಂತೆ ಇವು ಇರುತ್ತವೆ. ಮೊದಲನೆಯ ದವಡೆ ಹಲ್ಲು ಸುಮಾರು 6ನೇ ವಯಸ್ಸಿನಲ್ಲಿ, ಎರಡನೆಯದು ಸುಮಾರು 12ನೇ ವಯಸ್ಸಿನಲ್ಲಿ ಮೂಡುತ್ತದೆ. ಮೂರನೆಯ ದವಡೆ ಹಲ್ಲೇ ಬುದ್ಧಿ ಹಲ್ಲು. ಇಂತಹ ಹಲ್ಲುಗಳು ಗರಿಷ್ಠ ನಾಲ್ಕು. ಇವುಗಳ ಜಾಗದಲ್ಲಿ ಹಿಂದೆ ಹಾಲು ಹಲ್ಲು ಇರುವುದಿಲ್ಲವಾದ್ದರಿಂದ ಯಾವುದೇ ಹಲ್ಲು ಬೀಳದೆ ಹೊಸ ಹಲ್ಲು ಬರುತ್ತದೆ.

ಈ ಹಲ್ಲು ಮೂಡುವ ಬಹಳ ಮೊದಲೇ ಅದರ ರಚನೆ ಆರಂಭವಾಗಿರುತ್ತದೆ. 7ರಿಂದ 10ನೇ ವಯಸ್ಸಿನಲ್ಲಿ ದವಡೆಯ ಮೂಳೆಯೊಳಗೆ ಹಲ್ಲಿನ ತಲೆಭಾಗ ಗಟ್ಟಿಯಾಗತೊಡಗುತ್ತದೆ. 12ರಿಂದ 16ನೇ ವಯಸ್ಸಿನಲ್ಲಿ ಆ ಭಾಗ ಪೂರ್ಣಗೊಳ್ಳುತ್ತದೆ. ಬೇರುಗಳು ಪೂರ್ಣವಾಗುವುದು 18ರಿಂದ 25ನೇ ವಯಸ್ಸಿನಲ್ಲಿ.

ಎಲ್ಲರಿಗೂ ನಾಲ್ಕು ಬುದ್ಧಿ ಹಲ್ಲುಗಳು ಬರಲೇಬೇಕೆಂದಿಲ್ಲ. ವಿವಿಧ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಸುಮಾರು ಶೇ. 22ರಷ್ಟು ಜನರಿಗೆ ಕನಿಷ್ಠ ಒಂದು ಬುದ್ಧಿ ಹಲ್ಲು ಹುಟ್ಟಿನಿಂದಲೇ ಇರುವುದಿಲ್ಲ. ಇದು ದೋಷವೂ ಅಲ್ಲ, ಕಾಯಿಲೆಯೂ ಅಲ್ಲ. ಇನ್ನೂ ಕೆಲವರಲ್ಲಿ ಹಲ್ಲು ಇದ್ದರೂ ಸ್ಥಳ ಸಾಲದೆ ಮೂಳೆ ಅಥವಾ ವಸಡಿನೊಳಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಹೂತ ಹಲ್ಲು ಎನ್ನಬಹುದು. ಹೂತ ಹಲ್ಲು ಸಾಮಾನ್ಯವಾಗಿ ಮುಂದಿನ ಹಲ್ಲಿನ ಕಡೆಗೆ ವಾಲಿರುತ್ತದೆ. ಕೆಲವೊಮ್ಮೆ ನೇರವಾಗಿ, ಅಡ್ಡಲಾಗಿ ಅಥವಾ ಹಿಮ್ಮುಖವಾಗಿಯೂ ಇರುತ್ತದೆ.

ಬುದ್ಧಿ ಬಲಿಯುವ ವಯಸ್ಸಿನಲ್ಲಿ ಬರುವುದರಿಂದ ಈ ಹೆಸರು ಬಂದಿದೆಯೇ ಹೊರತು ಬುದ್ಧಿಶಕ್ತಿಗೂ ಈ ಹಲ್ಲಿಗೂ ಯಾವ ಸಂಬಂಧವೂ ಇಲ್ಲ. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಈ ಹಲ್ಲು ಸುಮಾರು ಇಪ್ಪತ್ತನೇ ವಯಸ್ಸಿಗೆ ಮೂಡುವುದನ್ನೂ, ಎಂಬತ್ತು ದಾಟಿದ ಕೆಲವು ವೃದ್ಧೆಯರಲ್ಲಿ ಬಹಳ ನೋವಿನೊಡನೆ ಮೂಡಿದುದನ್ನೂ ದಾಖಲಿಸಿದ್ದಾನೆ. ಇಂದಿಗೂ ಹಲ್ಲುಸೆಟ್ಟು ಧರಿಸುವ ಹಿರಿಯ ನಾಗರಿಕರಲ್ಲಿ ವಸಡು ಮತ್ತು ಮೂಳೆ ಸವೆದು, ಹಿಂದೆಂದೂ ಕಾಣದಿದ್ದ ಹೂತ ಹಲ್ಲು ಹೊರಗೆ ಇಣುಕುವುದುಂಟು. ಹಲ್ಲುಸೆಟ್ಟಿನ ಹಿಂಭಾಗದಲ್ಲಿ ಹೊಸದಾಗಿ ನೋವು ಕಾಣಿಸಿಕೊಂಡಲ್ಲಿ ಸೆಟ್ಟನ್ನು ಉಜ್ಜಿಸಿ ಸರಿಪಡಿಸಿಕೊಳ್ಳುವ ಮೊದಲು ಬಾಯಿಯ ಪರೀಕ್ಷೆ ಮಾಡಿಸುವುದು ಒಳಿತು.

3. ಹಲ್ಲು ಮೂಡುವಾಗಿನ ಸಾಮಾನ್ಯ ಅನುಭವಗಳು

ಅನುಭವಗಳು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುತ್ತವೆ. ಅವುಗಳನ್ನು ಈ ಕೆಳಕಂಡಂತೆ ವಿಂಗಡಿಸಬಹುದು.

(ಅ) ಅರಿವಿಗೇ ಬಾರದಿರುವುದು: ದವಡೆಯಲ್ಲಿ ಸಾಕಷ್ಟು ಸ್ಥಳವಿದ್ದವರಿಗೆ ಹಲ್ಲು ಬಂದದ್ದೇ ತಿಳಿಯುವುದಿಲ್ಲ. ನಾಲಿಗೆಗೆ ಹೊಸದಾಗಿ ಒಂದು ಗಡಸು ತುದಿ ತಾಗಿದಾಗ ಅಥವಾ ಬೇರೆ ಕಾರಣಕ್ಕೆ ದಂತವೈದ್ಯರು ಪರೀಕ್ಷಿಸಿದಾಗ ಮಾತ್ರ ಗೊತ್ತಾಗುತ್ತದೆ.

(ಆ) ಒತ್ತಿದಂತಹ ಮಂದ ನೋವು: ದವಡೆಯ ಮೂಲೆಯಲ್ಲಿ ಎರಡು ಮೂರು ದಿನ ಭಾರವಾದಂತೆ ಅನಿಸಿ, ತಾನಾಗಿಯೇ ಇಳಿದು, ಕೆಲವು ತಿಂಗಳ ನಂತರ ಮತ್ತೆ ಬರುತ್ತದೆ. ಹಲ್ಲು ಒಂದೇ ಸಮನೆ ಮೇಲೇರದೆ ಹಂತ ಹಂತವಾಗಿ ಏರುವುದರಿಂದ ಹೀಗಾಗುತ್ತದೆ. ಈ ಅವಧಿ ಕೆಲವರಲ್ಲಿ ಒಂದೆರಡು ವರ್ಷ ನಡೆಯುವುದೂ ಉಂಟು.

(ಇ) ಕೆನ್ನೆ ಕಚ್ಚಿಕೊಳ್ಳುವುದು: ಮೇಲಿನ ಬುದ್ಧಿ ಹಲ್ಲು ಕೆನ್ನೆಯ ಕಡೆಗೆ ವಾಲಿ ಮೂಡಿದಾಗ ಊಟ ಮಾಡುವಾಗಲೆಲ್ಲಾ ಕೆನ್ನೆಯ ಒಳಭಾಗ ಹಲ್ಲಿಗೆ ಸಿಕ್ಕಿ ಹುಣ್ಣಾಗುತ್ತದೆ.

(ಈ) ಕಿವಿ ನೋವು, ತಲೆ ನೋವು, ಗಂಟಲು ನೋವು: ಕೆಳದವಡೆಯ ಹಲ್ಲಿನ ನೋವು ಅದೇ ಬದಿಯ ಕಿವಿಗೆ ಹರಡಿದಂತೆ ತೋರುತ್ತದೆ. ಕಿವಿಯ ಪರೀಕ್ಷೆಯಲ್ಲಿ ಏನೂ ಕಾಣಿಸದಿದ್ದಾಗ ಹಲ್ಲಿನ ಪರೀಕ್ಷೆಯನ್ನೂ ಮಾಡಿಸತಕ್ಕದ್ದು.

(ಉ) ಆಹಾರ ಸಿಕ್ಕಿಕೊಳ್ಳುವುದು ಮತ್ತು ದುರ್ವಾಸನೆ: ಅರ್ಧ ಮೂಡಿದ ಹಲ್ಲಿಗೂ ಮುಂದಿನ ಹಲ್ಲಿಗೂ ನಡುವೆ ಅನ್ನದ ಅಗುಳು, ಸೊಪ್ಪಿನ ನಾರು ಸಿಕ್ಕಿಕೊಂಡು ಬಾಯಿ ವಾಸನೆ ಬರುತ್ತದೆ. ಕ್ರಮೇಣ ಎರಡೂ ಹಲ್ಲುಗಳು ಹುಳುಕಾಗಬಹುದು. ಹೀಗೆ ಬುದ್ಧಿ ಹಲ್ಲನ್ನು ಕಡೆಗಣಿಸಿದವರು ಅದರ ಮುಂದಿರುವ, ಅಗಿಯಲು ಹೆಚ್ಚು ಉಪಯುಕ್ತವಾದ ಎರಡನೆಯ ದವಡೆ ಹಲ್ಲನ್ನೂ ಕಳೆದುಕೊಳ್ಳುವ ಸಂಭವವಿರುತ್ತದೆ.

(ಊ) ವಸಡು ಊದಿಕೊಳ್ಳುವುದು: ಇದು ವೈದ್ಯರ ಗಮನಕ್ಕೆ ತರಲೇಬೇಕಾದ ತೊಂದರೆ. ಇದರ ವಿವರವನ್ನು ಮುಂದಿನ ಕಂಡಿಕೆಯಲ್ಲಿ ನೀಡಲಾಗಿದೆ.

ಈ ಹಲ್ಲು ಮೂಡುವ ವಯಸ್ಸು ಪದವಿ ಪರೀಕ್ಷೆ, ಉದ್ಯೋಗದ ಸಂದರ್ಶನ, ಮದುವೆ, ಮೊದಲ ಹೆರಿಗೆ ಇವುಗಳ ವಯಸ್ಸೂ ಆಗಿರುತ್ತದೆ. ಊರು ಬಿಟ್ಟು ಹಾಸ್ಟೆಲುಗಳಲ್ಲಿ, ಬಾಡಿಗೆ ಕೊಠಡಿಗಳಲ್ಲಿ ಇರುವವರು ರಜೆ ಸಿಕ್ಕಾಗ ನೋಡೋಣವೆಂದು ದಿನ ತಳ್ಳುವುದು ಸಾಮಾನ್ಯ. ಅಂತಹವರು ಪ್ರತಿ ಬಾರಿ ನೋವು ಬಂದ ದಿನಾಂಕ, ಎಷ್ಟು ದಿನ ಇತ್ತು, ಯಾವ ಬದಿ, ಜ್ವರವಿತ್ತೇ, ಯಾವ ಔಷಧಿ ಸೇವಿಸಲಾಯಿತು ಎಂಬುದನ್ನು ಒಂದೆಡೆ ಬರೆದಿಟ್ಟುಕೊಳ್ಳುವುದು ಉತ್ತಮ. ಹಲ್ಲನ್ನು ಉಳಿಸಬೇಕೇ, ತೆಗೆಯಬೇಕೇ ಎಂಬ ವೈದ್ಯರ ತೀರ್ಮಾನಕ್ಕೆ ಈ ಬರಹ ನೇರವಾಗಿ ನೆರವಾಗುತ್ತದೆ.

4. ವಸಡಿನ ಉರಿಯೂತ

ಹಲ್ಲು ಅರ್ಧ ಮೂಡಿ ನಿಂತಾಗ ಅದರ ಮೇಲೆ ವಸಡಿನ ಒಂದು ಪದರ ಮುಚ್ಚಳದಂತೆ ಉಳಿಯುತ್ತದೆ. ಈ ಮುಚ್ಚಳದ ಅಡಿಗೆ ಆಹಾರದ ಕಣಗಳು ಸೇರುತ್ತವೆ. ಹಲ್ಲುಜ್ಜುವ ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ಸೂಕ್ಷ್ಮಜೀವಿಗಳು ಬೆಳೆದು ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಊದಿದ ವಸಡನ್ನು ಮೇಲಿನ ಹಲ್ಲು ಪ್ರತಿ ಬಾರಿ ಕಚ್ಚುವುದರಿಂದ ಊತ ಇನ್ನಷ್ಟು ಹೆಚ್ಚುತ್ತದೆ. ಇದು ಕೆಳದವಡೆಯಲ್ಲಿಯೇ ಹೆಚ್ಚು. ಇಪ್ಪತ್ತರಿಂದ ಮೂವತ್ತರ ವಯೋಮಾನದವರಲ್ಲಿ ಅಧಿಕವಾಗಿ ಕಂಡುಬರುತ್ತದೆ.

ಸಾಮಾನ್ಯವಾಗಿ ಮೊದಲು ಅಗಿಯುವಾಗ ನೋವು, ಅನಂತರ ಒಂದೆರಡು ದಿನಗಳಲ್ಲಿ ಬಾಯಿಯಲ್ಲಿ ಕೆಟ್ಟ ರುಚಿ, ನುಂಗುವಾಗ ನೋವು, ದವಡೆಯ ಕೆಳಗೆ ಗಂಟು ಕಾಣಿಸುತ್ತವೆ. ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ. ಕೆಲವರಲ್ಲಿ ಕೀವು ತಾನಾಗಿಯೇ ಹೊರಬಂದು ನೋವು ಥಟ್ಟನೆ ಇಳಿಯುತ್ತದೆ. ಆದರೆ ವಸಡಿನ ಮುಚ್ಚಳ ಹಾಗೆಯೇ ಇರುವುದರಿಂದ ಕಾರಣವೂ ಹಾಗೆಯೇ ಉಳಿದಿರುತ್ತದೆ. ಆದ್ದರಿಂದಲೇ ತೊಂದರೆ ಮರುಕಳಿಸುತ್ತದೆ.

ದಂತವೈದ್ಯರು ಮೊದಲು ವಸಡಿನ ಮುಚ್ಚಳದ ಅಡಿಯನ್ನು ಔಷಧಿಯುಕ್ತ ದ್ರಾವಣದಿಂದ ತೊಳೆದು ಶುಚಿಗೊಳಿಸುತ್ತಾರೆ. ಮೇಲಿನ ಹಲ್ಲು ವಸಡನ್ನು ಕಚ್ಚುತ್ತಿದ್ದರೆ ಅದನ್ನು ಉಜ್ಜಿ ತಗ್ಗಿಸುವುದು ಅಥವಾ ತೆಗೆಯುವುದು ಉಂಟು. ಹಲ್ಲು ನೇರವಾಗಿದ್ದು ಸ್ಥಳವಿದ್ದರೆ ವಸಡಿನ ಮುಚ್ಚಳವನ್ನಷ್ಟೇ ಕತ್ತರಿಸಲಾಗುತ್ತದೆ. ಜ್ವರ, ಹರಡುತ್ತಿರುವ ಊತ ಇದ್ದಲ್ಲಿ ಮಾತ್ರ ಆಂಟಿಬಯಾಟಿಕ್ ಔಷಧಿ ನೀಡಲಾಗುತ್ತದೆ. ಶುಚಿಗೊಳಿಸದೆ ಬರೀ ಮಾತ್ರೆಗಳಿಂದ ಈ ತೊಂದರೆ ನಿವಾರಣೆಯಾಗುವುದಿಲ್ಲ.

5. ಆಸ್ಪತ್ರೆಗೆ ಬರುವವರೆಗೆ ಮನೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು

(1) ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಪ್ರತಿ ಊಟದ ನಂತರ ಬಾಯಿ ಮುಕ್ಕಳಿಸುವುದು. ಮುಕ್ಕಳಿಸುವಾಗ ನೀರನ್ನು ನೋವಿರುವ ಬದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಬೇಕು.
(2) ಮೃದುವಾದ ಬ್ರಷ್‌ನಿಂದ ಆ ಭಾಗವನ್ನು ನಿಧಾನವಾಗಿ ಶುಚಿಗೊಳಿಸುವುದು. ನೋವೆಂದು ಬ್ರಷ್ ಮಾಡುವುದನ್ನು ನಿಲ್ಲಿಸಿದರೆ ಸೋಂಕು ಹೆಚ್ಚುತ್ತದೆ.
(3) ಗಂಜಿ, ರಾಗಿ ಅಂಬಲಿ, ಮಜ್ಜಿಗೆ ಅನ್ನ, ಇಡ್ಲಿಯಂತಹ ಮೆತ್ತನೆಯ ಆಹಾರವನ್ನು ಸೇವಿಸುವುದು.
(4) ನೋವಿಗೆ ಪ್ಯಾರಸಿಟಮಾಲ್ ಮಾತ್ರೆ ತೆಗೆದುಕೊಳ್ಳಬಹುದು. ವಯಸ್ಕರಲ್ಲಿ 24 ಗಂಟೆಗಳ ಒಟ್ಟು ಪ್ರಮಾಣ 4 ಗ್ರಾಂ, ಅಂದರೆ 500 ಮಿ.ಗ್ರಾಂನ 8 ಮಾತ್ರೆಗಳನ್ನು ಮೀರಕೂಡದು. ಯಕೃತ್ತಿನ ಕಾಯಿಲೆ ಇರುವವರು ಮತ್ತು ಮದ್ಯ ಸೇವಿಸುವವರು ವೈದ್ಯರನ್ನು ಕೇಳದೆ ಸೇವಿಸಬಾರದು.

ಈ ಕೆಳಕಂಡವುಗಳನ್ನು ಮಾಡಕೂಡದು:

(1) ಲವಂಗದ ಎಣ್ಣೆಯನ್ನು ನೇರವಾಗಿ ವಸಡಿಗೆ ಪದೇ ಪದೇ ಹಚ್ಚುವುದು. ಹುಳುಕು ಹಲ್ಲಿನ ನೋವಿಗೆ ಇದು ತುಸು ಶಮನ ನೀಡಬಹುದಾದರೂ ವಸಡನ್ನು ಸುಡುತ್ತದೆ.
(2) ಸುಣ್ಣ, ಹೊಗೆಸೊಪ್ಪು, ಕಡ್ಡಿಪುಡಿ, ನೋವಿನ ಮಾತ್ರೆ ಇವುಗಳನ್ನು ಹಲ್ಲಿನ ಬಳಿ ಒತ್ತಿ ಇಟ್ಟುಕೊಳ್ಳುವುದು. ಆಸ್ಪಿರಿನ್ ಮಾತ್ರೆ ಇಟ್ಟ ಜಾಗದಲ್ಲಿ ಸುಟ್ಟ ಗಾಯವಾಗುತ್ತದೆ.
(3) ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡುವುದು.
(4) ಪಿನ್ನು, ಸೂಜಿಗಳಿಂದ ವಸಡನ್ನು ಚುಚ್ಚುವುದು.
(5) ಹಿಂದಿನ ಬಾರಿಯ ಚೀಟಿ ತೋರಿಸಿ ಅಥವಾ ಚೀಟಿಯೇ ಇಲ್ಲದೆ ಔಷಧಿ ಅಂಗಡಿಯಿಂದ ಆಂಟಿಬಯಾಟಿಕ್ ಪಡೆಯುವುದು. ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್ ಮುಂತಾದವು 1945ರ ಔಷಧಿ ನಿಯಮಗಳ ಅನುಸೂಚಿ 'ಹೆಚ್' ಅಡಿ ಬರುವ, ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಿಗಳು.
(6) ಜ್ವರವಿದ್ದು ಡೆಂಗಿಯ ಸಂಶಯವಿರುವಾಗ ಐಬುಪ್ರೊಫೆನ್, ಆಸ್ಪಿರಿನ್‌ಗಳನ್ನು ಸೇವಿಸುವುದು. ಇವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

6. ಕೂಡಲೇ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

ಈ ಕೆಳಕಂಡ ಲಕ್ಷಣಗಳಲ್ಲಿ ಯಾವುದೇ ಒಂದು ಕಂಡುಬಂದರೂ ಮರುದಿನದವರೆಗೆ ಕಾಯದೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಬರತಕ್ಕದ್ದು:

- ಊತವು ದವಡೆಯಿಂದ ಕುತ್ತಿಗೆಗೆ ಅಥವಾ ಗಲ್ಲದ ಕೆಳಗೆ ಎರಡೂ ಬದಿಗೆ ಹರಡುವುದು
- ನಾಲಿಗೆಯು ಮೇಲಕ್ಕೆ ಎತ್ತಿದಂತಾಗುವುದು, ಮಾತು ತೊದಲುವುದು
- ಜೊಲ್ಲನ್ನೂ ನುಂಗಲಾಗದೆ ಬಾಯಿಯಿಂದ ಸುರಿಯುವುದು
- ಉಸಿರಾಟದಲ್ಲಿ ಕಷ್ಟ, ಅಂಗಾತ ಮಲಗಿದರೆ ಉಸಿರು ಕಟ್ಟುವುದು
- ಬಾಯಿಯಲ್ಲಿ ಒಂದು ಬೆರಳೂ ಹಿಡಿಯದಷ್ಟು ದವಡೆ ಬಿಗಿಯುವುದು
- ಚಳಿ ಸಹಿತ ತೀವ್ರ ಜ್ವರ, ಗೊಂದಲ, ಅತಿಯಾದ ನಿಶ್ಶಕ್ತಿ
- ಕಣ್ಣಿನ ಸುತ್ತ ಊತ

ಕೆಳದವಡೆಯ ಕೊನೆಯ ಹಲ್ಲುಗಳ ಬೇರು ದವಡೆಯ ಒಳಬದಿಯಲ್ಲಿ, ನಾಲಿಗೆಯ ಕೆಳಗಿನ ಸ್ನಾಯುವಿಗಿಂತ ಕೆಳಮಟ್ಟದಲ್ಲಿರುತ್ತದೆ. ಆದುದರಿಂದ ಅಲ್ಲಿನ ಕೀವು ಬಾಯೊಳಗೆ ಒಡೆಯದೆ ಕುತ್ತಿಗೆಯ ಪದರಗಳಿಗೆ ಇಳಿಯಬಲ್ಲದು. ಬಾಯಿಯ ತಳಭಾಗವೆಲ್ಲ ಊದಿ ಉಸಿರಿನ ದಾರಿ ಮುಚ್ಚುವ ಈ ಸ್ಥಿತಿಯನ್ನು ಜರ್ಮನಿಯ ವೈದ್ಯ ವಿಲ್‌ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ 1836ರಲ್ಲಿ ವಿವರಿಸಿದರು. ಆಂಟಿಬಯಾಟಿಕ್ ಔಷಧಿಗಳು ಬರುವ ಮೊದಲು ಇದಕ್ಕೆ ತುತ್ತಾದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಾವನ್ನಪ್ಪುತ್ತಿದ್ದರು. ಈಗ ಸಕಾಲದಲ್ಲಿ ಆಸ್ಪತ್ರೆ ತಲುಪಿದಲ್ಲಿ ಹೆಚ್ಚಿನವರು ಬದುಕುಳಿಯುತ್ತಾರೆ. ಇಲ್ಲಿ ಕಳೆಯುವ ಒಂದೊಂದು ಗಂಟೆಗೂ ಬೆಲೆಯಿದೆ. ವಾಹನ ಸೌಲಭ್ಯವಿಲ್ಲದಿದ್ದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಪಡೆಯಬಹುದು. ರೋಗಿಯನ್ನು ಮಲಗಿಸದೆ ಕುಳಿತ ಭಂಗಿಯಲ್ಲಿ ಕರೆತರಬೇಕು.

7. ಬಾಯಿ ತೆರೆಯಲಾಗದಿರುವುದಕ್ಕೆ ಮತ್ತೊಂದು ಕಾರಣ

ಆರೋಗ್ಯವಂತ ವಯಸ್ಕರ ಬಾಯಿಯಲ್ಲಿ ಸಾಮಾನ್ಯವಾಗಿ ಅವರದೇ ಮೂರು ಬೆರಳುಗಳು ಒಂದರ ಮೇಲೊಂದರಂತೆ ಹಿಡಿಯಬೇಕು. ಬುದ್ಧಿ ಹಲ್ಲಿನ ಸೋಂಕಿನಿಂದ ಬಾಯಿ ಬಿಗಿದಿದ್ದರೆ ಅದು ಒಂದೆರಡು ದಿನಗಳಲ್ಲಿ ನೋವಿನೊಂದಿಗೆ ಆಗಿರುತ್ತದೆ ಮತ್ತು ಸೋಂಕು ಇಳಿದಾಗ ಸಡಿಲವಾಗುತ್ತದೆ.

ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಬಾಯಿ ಕಿರಿದಾಗುತ್ತಾ ಬಂದಿದ್ದರೆ, ಖಾರದ ಪದಾರ್ಥ ತಿಂದಾಗ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿ ಹಗ್ಗದಂತೆ ಗಟ್ಟಿಯಾಗಿದ್ದರೆ ಅದು ಅಡಿಕೆ ಅಗಿಯುವುದರಿಂದ ಬರುವ ಕಾಯಿಲೆಯಾಗಿರುವ ಸಂಭವ ಹೆಚ್ಚು. ಗುಟ್ಕಾ, ಪಾನ್ ಮಸಾಲ, ಅಡಿಕೆ ಪುಡಿ ಅಗಿಯುವ ಯುವಜನರು ಇದನ್ನು ಬುದ್ಧಿ ಹಲ್ಲಿನ ತೊಂದರೆಯೆಂದು ಭಾವಿಸಿ ಸುಮ್ಮನಾಗಬಾರದು. ಈ ಕಾಯಿಲೆಯು ಬಾಯಿಯ ಕ್ಯಾನ್ಸರಿಗೆ ತಿರುಗಬಲ್ಲದು. ತಂಬಾಕು ಬೆರೆಸದ ಅಡಿಕೆಯಿಂದಲೂ ಇದು ಬರುತ್ತದೆ. ಎರಡು ವಾರ ಕಳೆದರೂ ಮಾಯದ ಬಾಯಿ ಹುಣ್ಣನ್ನು ತಪ್ಪದೆ ವೈದ್ಯರಿಗೆ ತೋರಿಸಬೇಕು.

8. ಹಲ್ಲನ್ನು ತೆಗೆಸುವುದು ಅವಶ್ಯವೇ?

ಎಲ್ಲಾ ಬುದ್ಧಿ ಹಲ್ಲುಗಳನ್ನು ತೆಗೆಸುವ ಅವಶ್ಯಕತೆ ಇರುವುದಿಲ್ಲ. ನೇರವಾಗಿ ಮೂಡಿ, ಬ್ರಷ್ ತಲುಪುವಂತಿದ್ದು, ಹುಳುಕಿಲ್ಲದ ಹಲ್ಲನ್ನು ಉಳಿಸಿಕೊಳ್ಳಬಹುದು. ಬ್ರಿಟನ್ನಿನ ರಾಷ್ಟ್ರೀಯ ಚಿಕಿತ್ಸಾ ಮಾರ್ಗದರ್ಶಿ ಸಂಸ್ಥೆಯಾದ 'ನೈಸ್' 2000ನೇ ಇಸವಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು ರೋಗವಿಲ್ಲದ ಹೂತ ಬುದ್ಧಿ ಹಲ್ಲುಗಳನ್ನು ಮುನ್ನೆಚ್ಚರಿಕೆಗೆಂದು ತೆಗೆಯುವುದನ್ನು ನಿಲ್ಲಿಸಲು ಸೂಚಿಸಿತು. ವಸಡಿನ ಉರಿಯೂತವು ಮೊದಲ ಬಾರಿಗೇ ಅತಿ ತೀವ್ರವಾಗಿದ್ದ ಹೊರತು ಅದೊಂದೇ ಕಾರಣಕ್ಕೆ ಹಲ್ಲು ತೆಗೆಯಬೇಕಿಲ್ಲ, ಎರಡನೇ ಬಾರಿ ಮರುಕಳಿಸಿದಲ್ಲಿ ತೆಗೆಯುವುದು ಸೂಕ್ತ ಎಂದೂ ಅದರಲ್ಲಿ ಹೇಳಲಾಗಿದೆ. ನೋವು ಬಂದ ದಿನಾಂಕಗಳನ್ನು ಬರೆದಿಡಬೇಕೆಂದು ಮೇಲೆ ತಿಳಿಸಿರುವುದು ಈ ಕಾರಣಕ್ಕಾಗಿ.

ಸಾಮಾನ್ಯವಾಗಿ ಹಲ್ಲು ತೆಗೆಯಲು ಸಲಹೆ ನೀಡುವ ಸಂದರ್ಭಗಳು: ಉರಿಯೂತ ಮರುಕಳಿಸುವುದು, ತುಂಬಿಸಲಾಗದಷ್ಟು ಹುಳುಕು, ಮುಂದಿನ ಹಲ್ಲಿಗೆ ಹಾನಿ, ಹೂತ ಹಲ್ಲಿನ ಸುತ್ತ ನೀರ್ಗುಳ್ಳೆ ಅಥವಾ ಗೆಡ್ಡೆ, ಕೆನ್ನೆ ಪದೇ ಪದೇ ಕಚ್ಚಿ ಹುಣ್ಣಾಗುವುದು. ಕೀವು, ಊತ ಇರುವಾಗ ಮೊದಲು ಸೋಂಕನ್ನು ಹತೋಟಿಗೆ ತಂದು ನಂತರ ಹಲ್ಲು ತೆಗೆಯುವುದು ವಾಡಿಕೆ. ಊತ ಇಳಿದ ಮೇಲೆ ಅನೇಕರು ಮರಳಿ ಬರುವುದಿಲ್ಲ. ವೈದ್ಯರು ತಿಳಿಸಿದ ದಿನಾಂಕದಂದು, ನೋವಿಲ್ಲದಿದ್ದರೂ, ಬರತಕ್ಕದ್ದು.

ಕೆಳಗಿನ ಬುದ್ಧಿ ಹಲ್ಲಿನ ಬೇರುಗಳ ಸಮೀಪದಲ್ಲಿ ಕೆಳತುಟಿ ಮತ್ತು ಗಲ್ಲಕ್ಕೆ ಸ್ಪರ್ಶಜ್ಞಾನ ನೀಡುವ ನರವೂ, ಒಳಬದಿಯಲ್ಲಿ ನಾಲಿಗೆಯ ನರವೂ ಹಾದುಹೋಗುತ್ತವೆ. ಹಲ್ಲು ತೆಗೆಯುವಾಗ ಇವುಗಳಿಗೆ ಪೆಟ್ಟಾದರೆ ತುಟಿ ಅಥವಾ ನಾಲಿಗೆ ಕೆಲವು ವಾರ, ತಿಂಗಳು ಮರಗಟ್ಟಿದಂತಿರುತ್ತದೆ. ಶಾಶ್ವತವಾಗಿ ಉಳಿಯುವುದು ಅಪರೂಪ. ಪೂರ್ತಿ ದವಡೆಯ ಎಕ್ಸ್-ರೇ (ಓ.ಪಿ.ಜಿ.) ತೆಗೆಸಿ ನರದ ದೂರವನ್ನು ನೋಡಿದ ನಂತರವೇ ಶಸ್ತ್ರಚಿಕಿತ್ಸೆಯ ತೀರ್ಮಾನ ಕೈಗೊಳ್ಳಲಾಗುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ಈ ಅಪಾಯದ ಬಗ್ಗೆ ವೈದ್ಯರನ್ನು ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು.

9. ಚಿಕಿತ್ಸೆ ಪಡೆಯುವ ವಿಧಾನ

ಜಿಲ್ಲಾ ಆಸ್ಪತ್ರೆಗಳು ಮತ್ತು ತಾಲ್ಲೂಕು ಆಸ್ಪತ್ರೆಗಳ ದಂತ ವಿಭಾಗಗಳಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಕಷ್ಟಕರವಾದ ಶಸ್ತ್ರಚಿಕಿತ್ಸೆಗಳಿಗಾಗಿ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನಂತಹ ಬೋಧನಾ ಆಸ್ಪತ್ರೆಗಳಿಗೆ ಕಳುಹಿಸಲಾಗುತ್ತದೆ. ಅಲ್ಲಿ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಾ ವಿಭಾಗವಿರುತ್ತದೆ.

ಬರುವಾಗ ತರಬೇಕಾದವು: ಗುರುತಿನ ಚೀಟಿ, ಪಡಿತರ ಚೀಟಿ ಇದ್ದಲ್ಲಿ ಅದು, ಹಿಂದಿನ ಚಿಕಿತ್ಸೆಯ ಚೀಟಿ ಮತ್ತು ಎಕ್ಸ್-ರೇ, ಸೇವಿಸುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿ ಅಥವಾ ಖಾಲಿ ಹಾಳೆ, ಬೇರೆ ಆಸ್ಪತ್ರೆಯಿಂದ ಕಳುಹಿಸಿದ್ದರೆ ಆ ಪತ್ರ. ನೋಂದಣಿ ಕೌಂಟರಿನಲ್ಲಿ ಹೊರರೋಗಿ ಚೀಟಿ ಪಡೆದು ದಂತ ವಿಭಾಗಕ್ಕೆ ಹೋಗಬೇಕು. ಶುಲ್ಕ ಮತ್ತು ರಿಯಾಯಿತಿಯ ವಿವರಗಳನ್ನು ಅದೇ ಕೌಂಟರಿನಲ್ಲಿ ವಿಚಾರಿಸಿ, ಪಾವತಿಸಿದ ಹಣಕ್ಕೆ ರಸೀದಿ ಪಡೆಯತಕ್ಕದ್ದು.

ವೈದ್ಯರಿಗೆ ತಪ್ಪದೆ ತಿಳಿಸಬೇಕಾದ ವಿಷಯಗಳು:

- ಮಧುಮೇಹ, ರಕ್ತದೊತ್ತಡ, ಹೃದಯದ ಕವಾಟದ ಕಾಯಿಲೆ, ಮೂತ್ರಪಿಂಡದ ಕಾಯಿಲೆ
- ರಕ್ತ ತೆಳುವಾಗಿಸುವ ಮಾತ್ರೆ ಸೇವನೆ (ಇದನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು)
- ಮೂಳೆ ಸವೆತಕ್ಕೆ ಪಡೆಯುತ್ತಿರುವ ಮಾತ್ರೆ ಅಥವಾ ಚುಚ್ಚುಮದ್ದು
- ತಲೆ, ಕುತ್ತಿಗೆಯ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದಿರುವುದು
- ಔಷಧಿಗಳ ಅಲರ್ಜಿ
- ಗರ್ಭಿಣಿಯಾಗಿರುವುದು ಅಥವಾ ಎದೆಹಾಲುಣಿಸುತ್ತಿರುವುದು

ಗರ್ಭಿಣಿಯರಲ್ಲಿ ತುರ್ತು ಇಲ್ಲದ ಚಿಕಿತ್ಸೆಗೆ ನಾಲ್ಕರಿಂದ ಆರನೇ ತಿಂಗಳು ಅನುಕೂಲಕರ. ಸೋಂಕು ಹರಡುತ್ತಿದ್ದರೆ ಯಾವ ತಿಂಗಳಾದರೂ ಚಿಕಿತ್ಸೆ ಪಡೆಯಬೇಕು. ಮಗುವಿಗೆ ತೊಂದರೆಯಾದೀತೆಂದು ಸೋಂಕನ್ನು ಸಹಿಸಿಕೊಂಡಿರುವುದೇ ಹೆಚ್ಚು ಅಪಾಯಕಾರಿ.

ಖಾಸಗಿ ಚಿಕಿತ್ಸಾಲಯಕ್ಕೆ ಹೋಗುವವರು ವೈದ್ಯರು ನೋಂದಾಯಿತರೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅನ್ವಯ ಇಂತಹ ಸಂಸ್ಥೆಗಳು ನೋಂದಣಿ ಪಡೆದು ದರಪಟ್ಟಿಯನ್ನು ಪ್ರದರ್ಶಿಸಬೇಕಾಗುತ್ತದೆ. ಸಂತೆ, ಜಾತ್ರೆ, ರಸ್ತೆ ಬದಿಗಳಲ್ಲಿ ಹಲ್ಲು ಕೀಳುವವರ ಬಳಿಗೆ ಹೋಗಕೂಡದು.

ವಿದ್ಯಾರ್ಥಿಗಳು ಮತ್ತು ನೌಕರರಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕಿದ್ದಲ್ಲಿ ಚಿಕಿತ್ಸೆಯ ದಿನವೇ ಕೇಳಿ ಪಡೆಯುವುದು ಸೂಕ್ತ. ಕಳೆದುಹೋದ ದಿನಗಳಿಗೆ, ಪರೀಕ್ಷಿಸದ ರೋಗಿಗೆ ಪ್ರಮಾಣಪತ್ರ ನೀಡಲು ಬರುವುದಿಲ್ಲ.

10. ಹಲ್ಲು ತೆಗೆದ ನಂತರದ ಎಚ್ಚರಿಕೆಗಳು

ಹೆಚ್ಚಿನ ಸಂದರ್ಭಗಳಲ್ಲಿ ಆ ಭಾಗವನ್ನು ಮಾತ್ರ ಚುಚ್ಚುಮದ್ದಿನಿಂದ ಮರಗಟ್ಟಿಸಿ ಹಲ್ಲು ತೆಗೆಯಲಾಗುತ್ತದೆ. ಎಳೆತ, ಒತ್ತಡ ತಿಳಿಯುತ್ತದೆ, ನೋವು ತಿಳಿಯಬಾರದು. ನೋವಾದಲ್ಲಿ ಕೈ ಎತ್ತಿ ತಿಳಿಸಬಹುದು.

(1) ಇಟ್ಟಿರುವ ಹತ್ತಿ ಅಥವಾ ಗಾಜ್ ಬಟ್ಟೆಯನ್ನು ವೈದ್ಯರು ತಿಳಿಸಿದಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ, ಗಟ್ಟಿಯಾಗಿ ಕಚ್ಚಿ ಹಿಡಿಯಬೇಕು.
(2) ಮೊದಲ 24 ಗಂಟೆ ಉಗುಳುವುದು, ಬಾಯಿ ಮುಕ್ಕಳಿಸುವುದು, ಸ್ಟ್ರಾದಿಂದ ಹೀರುವುದು ಬೇಡ. ಇವುಗಳಿಂದ ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಹೋಗುತ್ತದೆ.
(3) ಮೊದಲ ದಿನ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಬಿಟ್ಟು ಬಿಟ್ಟು ಇಡಬಹುದು. ಆಹಾರ ತಣ್ಣಗೆ, ಮೆತ್ತಗೆ ಇರಲಿ.
(4) ಮರಗಟ್ಟಿರುವುದು ಇಳಿಯುವವರೆಗೆ ಏನನ್ನೂ ಅಗಿಯಬಾರದು. ತುಟಿ, ಕೆನ್ನೆ ಕಚ್ಚಿಕೊಳ್ಳುವ ಸಂಭವವಿದೆ.
(5) 24 ಗಂಟೆಗಳ ನಂತರ ಬೆಚ್ಚಗಿನ ಉಪ್ಪು ನೀರಿನಿಂದ ಮೆಲ್ಲಗೆ ಮುಕ್ಕಳಿಸಬೇಕು.
(6) ಬೀಡಿ, ಸಿಗರೇಟು, ತಂಬಾಕು, ಎಲೆ ಅಡಿಕೆ, ಮದ್ಯಗಳನ್ನು ಗಾಯ ಮಾಯುವವರೆಗೆ ವರ್ಜಿಸಬೇಕು.

ಊತವು ಎರಡು ಮೂರನೇ ದಿನ ಹೆಚ್ಚಾಗಿ ಅನಂತರ ಇಳಿಯುವುದು ಸಹಜ. ಇಳಿಯುತ್ತಿದ್ದ ನೋವು ಎರಡರಿಂದ ನಾಲ್ಕನೇ ದಿನದೊಳಗೆ ಮತ್ತೆ ತೀವ್ರವಾಗಿ ಕಿವಿಯವರೆಗೆ ಹರಡಿದರೆ ಗಾಯದ ಗುಳಿ ಒಣಗಿದೆಯೆಂದು ಅರ್ಥ. ವೈದ್ಯರು ಗುಳಿಯನ್ನು ತೊಳೆದು ಔಷಧಿ ಇಡುವುದರಿಂದ ಶಮನವಾಗುತ್ತದೆ. ಬಟ್ಟೆ ಕಚ್ಚಿ ಹಿಡಿದರೂ ನಿಲ್ಲದ ರಕ್ತಸ್ರಾವ, ಹೆಚ್ಚುತ್ತಿರುವ ಊತ, ಜ್ವರ, ಮರುದಿನವೂ ತುಟಿ ಮರಗಟ್ಟಿರುವುದು ಇವುಗಳನ್ನು ಕೂಡಲೇ ತಿಳಿಸಬೇಕು.

11. ಬುದ್ಧಿ ಹಲ್ಲು ಮತ್ತು ವಯಸ್ಸಿನ ಪುರಾವೆ

ಬುದ್ಧಿ ಹಲ್ಲು ಬಂದಿದೆಯಾದ್ದರಿಂದ ವಯಸ್ಸು 18 ಅಥವಾ 21 ತುಂಬಿದೆ ಎಂದು ಭಾವಿಸುವುದು ತಪ್ಪು. ಈ ಹಲ್ಲು 17ಕ್ಕೂ ಮೂಡಬಹುದು, 25ಕ್ಕೂ ಮೂಡಬಹುದು, ಮೂಡದೆಯೂ ಇರಬಹುದು. ಆದುದರಿಂದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವವರು ವಯಸ್ಸಿನ ಬಗ್ಗೆ ಜನನ ಪ್ರಮಾಣಪತ್ರ ಅಥವಾ ಶಾಲಾ ದಾಖಲೆಗಳನ್ನೇ ಒದಗಿಸಬೇಕಾಗುತ್ತದೆ. ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ 94ನೇ ಪ್ರಕರಣದ ಪ್ರಕಾರವೂ ಶಾಲಾ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ, ಅದಿಲ್ಲದಿದ್ದಲ್ಲಿ ಸ್ಥಳೀಯ ಸಂಸ್ಥೆ ನೀಡಿದ ಜನನ ಪ್ರಮಾಣಪತ್ರವನ್ನು ಪರಿಗಣಿಸಲಾಗುತ್ತದೆ. ಇವೆರಡೂ ಇಲ್ಲದಿದ್ದಾಗ ಮಾತ್ರ ವೈದ್ಯಕೀಯ ಪರೀಕ್ಷೆಯ ಮೂಲಕ ವಯಸ್ಸು ನಿರ್ಧರಿಸಲು ಅವಕಾಶವಿದೆ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಕಡಿಮೆಯಾಗುವುದೇ?
ಉತ್ತರ: ಇಲ್ಲ. ದೃಷ್ಟಿಯ ನರ ಬೇರೆ, ಹಲ್ಲಿನ ನರ ಬೇರೆ. ಈ ಭಯದಿಂದ ಸೋಂಕಿರುವ ಹಲ್ಲನ್ನು ಉಳಿಸಿಕೊಳ್ಳುವುದೇ ಅಪಾಯ.

ಪ್ರಶ್ನೆ: ಬುದ್ಧಿ ಹಲ್ಲು ತೆಗೆಸಿದರೆ ಬುದ್ಧಿ, ನೆನಪಿನ ಶಕ್ತಿ ಕುಂದುವುದೇ?
ಉತ್ತರ: ಇಲ್ಲ. ಹಲ್ಲಿಗೆ ಮೆದುಳಿನ ಕಾರ್ಯದೊಂದಿಗೆ ಸಂಬಂಧವಿಲ್ಲ.

ಪ್ರಶ್ನೆ: ಈ ಹಲ್ಲು ಮುಂದಿನ ಹಲ್ಲುಗಳನ್ನು ತಳ್ಳಿ ಸೊಟ್ಟಗಾಗಿಸುವುದೇ?
ಉತ್ತರ: ಹಾಗೆಂದು ಸಿದ್ಧಪಟ್ಟಿಲ್ಲ. ಕೇವಲ ಈ ಕಾರಣಕ್ಕೆ ಹಲ್ಲು ತೆಗೆಸಬೇಕಾಗಿಲ್ಲ.

ಪ್ರಶ್ನೆ: ತೆಗೆದ ಜಾಗದಲ್ಲಿ ಕೃತಕ ಹಲ್ಲು ಹಾಕಿಸಬೇಕೇ?
ಉತ್ತರ: ಸಾಮಾನ್ಯವಾಗಿ ಬೇಕಿಲ್ಲ. ಉಳಿದ ದವಡೆ ಹಲ್ಲುಗಳು ಅಗಿಯಲು ಸಾಕಾಗುತ್ತವೆ.

ಪ್ರಶ್ನೆ: ನೋವು ಪೂರ್ತಿ ಇಳಿದಿದೆ. ಆದರೂ ಆಸ್ಪತ್ರೆಗೆ ಬರಬೇಕೇ?
ಉತ್ತರ: ಬರಬೇಕು. ಬಾಯಿ ಚೆನ್ನಾಗಿ ತೆರೆಯುವ, ಊತವಿಲ್ಲದ ದಿನಗಳಲ್ಲಿಯೇ ಪರೀಕ್ಷೆ, ಎಕ್ಸ್-ರೇ ಮತ್ತು ಚಿಕಿತ್ಸೆ ಸುಲಭ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ, ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಕಂಡಿಕೆ 6ರಲ್ಲಿನ ಲಕ್ಷಣಗಳನ್ನು ಮನೆಯಲ್ಲಿರುವ ಯುವಜನರಿಗೂ, ಊರಿನಿಂದ ದೂರವಿರುವ ಮಕ್ಕಳಿಗೂ ತಿಳಿಸುವಂತೆ ಪೋಷಕರಲ್ಲಿ ಕೋರಲಾಗಿದೆ.